ಅವ್ವನ ತೊಟ್ಟಿಲ ರೂಪಾಯಿ

ತಿಕ್ಕಿ ತೊಳೆದ ಹಳೆಯ ನಾಣ್ಯ ಕಂಡರೆ ನನಗೆ ಮೈ ಉರಿಯುತ್ತದೆ. ಬೈಲಹೊಂಗಲದ ಪೇಟೆಯಲ್ಲಿ ನನ್ನದು ಸ್ಟೀಲ್ ಪಾತ್ರೆಗಳ ಅಂಗಡಿ. ಹಳ್ಳಿಯ ಹೆಣ್ಣುಮಕ್ಕಳು ಹಳೆಯ ತಾಮ್ರ, ಹಿತ್ತಾಳೆ ಕೊಟ್ಟು ಹೊಸ ಕೊಡ, ತಾಟು ಒಯ್ಯುತ್ತಾರೆ. ೧೯೯೪ರಲ್ಲಿ ಹಾಗೆ ಬಂದ ಒಂದು ತಂಬಿಗೆಯ ತಳದಲ್ಲಿ ತೂತಿನ ದುಡ್ಡು ಸಿಕ್ಕಿತು. ಅಂದು ಹತ್ತಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಪಾತ್ರೆಯ ಜೊತೆ ನಾಣ್ಯ ತಂದವರಿಗೆ ಒಂದು ವಾಟೆ, ಅಂದರೆ ಸಣ್ಣ ಸ್ಟೀಲ್ ಬಟ್ಟಲು, ಹೆಚ್ಚಿಗೆ ಎಂದು ಸುದ್ದಿ ಹಬ್ಬಿಸಿದೆ. ತಂದರು. ಆದರೆ ಹುಣಸೆಹಣ್ಣು, ಬೂದಿ ಹಚ್ಚಿ ಫಳಫಳ ತಿಕ್ಕಿ ತಂದರು.

“ಯಾರ ಹೇಳಿದ್ರು ನಿಮಗ ತಿಕ್ಕಾಕ? ಇಸವಿ ಎಲ್ಲಾ ಸವದು ಹೋಗೈತಿ,” ಎಂದು ನೇಸರಗಿಯ ಲಗಮವ್ವನ ಮೇಲೆ ಒಮ್ಮೆ ಹರಿಹಾಯ್ದೆ.

“ಹೊಲಸ ಇದ್ದದ್ದನ್ನ ಹೆಂಗ ತರೂದ್ರಿ ಸಾವಕಾರ್ರ?” ಎಂದ ಆಕೆ ವಾಟೆ ತೆಗೆದುಕೊಂಡೇ ಹೋದಳು.

ಒಂಬತ್ತು ವರ್ಷಗಳಲ್ಲಿ ಆರನೆಯ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿಗಳೆಲ್ಲ ನನ್ನ ಡಬ್ಬಿ ಸೇರಿದವು, ಒಂದನ್ನು ಬಿಟ್ಟು. ೧೯೩೮ರದು ಬೇಕಾದಷ್ಟು ಸಿಗುತ್ತದೆ. ೧೯೪೦ರದೂ ಸಿಗುತ್ತದೆ. ನಡುವಿನ ೧೯೩೯ರದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಒಂದು ಖಾಲಿ ಜಾಗ ನೋಡಿದರೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಕಿತ್ತೂರಿನ ಸಂತೆಯಲ್ಲಿ ಹಳೆ ಸಾಮಾನಿನವರ ಗಂಟುಗಳನ್ನು ಕೆದರಿದೆ. ಹೂಲಿಯಲ್ಲಿ ಹಳೆಯ ಮನೆ ಕೆಡವುತ್ತಾರೆಂದು ಕೇಳಿ ಗಿರಾಕಿಗಳನ್ನು ಎಬ್ಬಿಸಿ, ಅಂಗಡಿಗೆ ಬೀಗ ಹಾಕಿ ಓಡಿದೆ. ಸಿಕ್ಕಿದ್ದು ತುಕ್ಕು ಹಿಡಿದ ಒಂದು ಚಿಲಕ.

ಸವದತ್ತಿಯಲ್ಲಿ ಪೀರಸಾಬ ಅಂತ ನಾಣ್ಯದ ವ್ಯಾಪಾರಿ ಇದ್ದ. ೨೦೦೩ರಲ್ಲಿ ಆತನೇ, ರಾಮದುರ್ಗದ ಒಬ್ಬನ ಹತ್ತಿರ ಮೂವತ್ತೊಂಬತ್ತರ ರೂಪಾಯಿ ಇದೆಯಂತೆ ಎಂದ. ಮರುದಿನ ಮೊದಲ ಬಸ್ಸಿಗೇ ಹೋದೆ. ಚೌಕಾಸಿ ಮಾಡುವಷ್ಟೂ ತಾಳ್ಮೆ ಇರಲಿಲ್ಲ. ಕೇಳಿದಷ್ಟು ಕೊಟ್ಟು, ಬರುವಾಗ ಪೀರಸಾಬನಿಗೆ ತೋರಿಸಿದೆ. ಆತ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ.

“ಅಂದಾನೆಪ್ಪನವರ, ಮೂವತ್ತೆಂಟರ ಎಂಟನ್ನ ಕೊರದು ಒಂಬತ್ತ ಮಾಡ್ಯಾರ್ರೀ. ಒಮ್ಮೆ ನನಗ ತೋರಿಸಿ ತಗೋಬೇಕಿತ್ತ.”

ಮನೆಗೆ ಬಂದವನೇ ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ ಎಸೆದೆ. ಅವ್ವ ಸೋಮವ್ವ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದಳು.

“ರಾಮದುರ್ಗಕ್ಕ ಹೋಗಿದ್ದೇನು? ನಾ ಹುಟ್ಟಿದ್ದು ಅಲ್ಲೇ, ಮಂದಿ ಜೇಲ ಒಡದ ವರ್ಸ,” ಎಂದಳು. “ಆ ಗದ್ದಲದಾಗೂ ನಮ್ಮಪ್ಪ ಆ ವರ್ಸದ ಹೊಸಾ ರೂಪಾಯಿ ಹುಡಿಕ್ಯಾಡಿ ತಂದು ನನ್ನ ತೊಟ್ಟಿಲದಾಗ ಇಟ್ಟಿದ್ದಂತ.”

ರಾಮದುರ್ಗದ ದಂಗೆ ಯಾವ ಇಸವಿಯದೆಂದು ನಮ್ಮ ಕಡೆ ಸಾಲಿ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. ೧೯೩೯. ಅವ್ವನ ಮುಂದೆ ಹೋಗಿ ಕೂತೆ.

“ಎಲ್ಲೈತಿಬೇ ಅದು?”

“ಹೊಸ್ತಿಲ ಬುಡಕ. ಈ ಮನಿ ಚೌಕಟ್ಟ ನಿಂದರಿಸೂ ಮುಂದ ನಾನ ಇಟ್ಟೇನಿ. ಮನಿ ಕಾಯಾಕ ಇಟ್ಟದ್ದು ಅದು. ನಾ ಇರೂತನಾ ಅದಕ್ಕ ಕೈ ಹಚ್ಚಬ್ಯಾಡ.”

ಅಲ್ಲಿಂದ ಮುಂದಿನ ಇಪ್ಪತ್ತು ದಿನ ನಾನು ಮನುಷ್ಯನಾಗಿರಲಿಲ್ಲ. ಹೊಸ್ತಿಲು ದಾಟುವಾಗಲೆಲ್ಲ ನಿಲ್ಲುತ್ತಿದ್ದೆ. ಅಂಗಡಿಯಲ್ಲಿ ಕೂತರೆ ಮನೆಯ ಬಾಗಿಲು ನೆನಪಾಗಿ ಎದ್ದು ಬರುತ್ತಿದ್ದೆ. ಅವ್ವ ಒಂದು ತೊಟ್ಟಿಲ ಕಾರ್ಯಕ್ಕೆಂದು ನೇಸರಗಿಗೆ ಹೊರಟ ದಿನ ನಾನೇ ಬಸ್ಸು ಹತ್ತಿಸಿ, ಹಿಂದಿರುಗಿ ಬಂದು ಹಾರೆ ಎತ್ತಿಕೊಂಡೆ.

“ಹೊಸ್ತಿಲಾ ಅಗಿಯೂದಂದ್ರ ಅತ್ತಿಯವರ ಎದಿ ಅಗದಂಗ್ರಿ,” ಎಂದಳು ಹೆಂಡತಿ ವಿಜಯಾ. ನಾನು ಕೇಳಲಿಲ್ಲ. ಅವಳು ಒಳಗೆ ಹೋದಳು.

ಹೊಸ್ತಿಲ ಬುಡದ ಕಲ್ಲು ಮೀಟಿ ತೆಗೆದೆ. ಮಣ್ಣಿನಲ್ಲಿ ಅರಿಶಿನದ ಬಟ್ಟೆಯ ಗಂಟು. ಅದರೊಳಗೆ ಕರ್ರಗಾದ ರೂಪಾಯಿ. ದೊರೆಯ ಮುಖ ಸವೆದು ಸಪಾಟಾಗಿತ್ತು. ತಿರುಗಿಸಿ ಧೋತರದ ಚುಂಗಿನಿಂದ ಒರೆಸಿದೆ. ಒಂದು, ಒಂಬತ್ತು, ಮೂರು. ಅದರ ಮುಂದೆ ಏನೂ ಇಲ್ಲ, ನುಣ್ಣನೆಯ ಬೆಳ್ಳಿ. ಎಂಟಿತ್ತೋ ಒಂಬತ್ತಿತ್ತೋ ಇನ್ನು ಯಾವ ಭೂತಗನ್ನಡಿಯೂ ಹೇಳಲಾರದು.

ತಲೆ ಎತ್ತಿದರೆ ಮೆಟ್ಟಿಲ ಮೇಲೆ ಅವ್ವ. ಸಂಜೆಗೆ ಬರಬೇಕಾದವಳು ಮಧ್ಯಾಹ್ನದ ಬಸ್ಸಿಗೇ ಬಂದಿದ್ದಳು. ತಪ್ಪು ಮಾಡಿ ಸಿಕ್ಕಿಬಿದ್ದವನು ನಾನು. ಆದರೂ ಬಾಯಿಂದ ಬಂದದ್ದು ಅಂಗಡಿಯ ಮಾತೇ.

“ಯಾಂವ ತಿಕ್ಕ್ಯಾನ ಇದನ್ನ?”

ಅವ್ವ ಅಗೆದ ಗುಂಡಿ ನೋಡಿದಳು, ನನ್ನ ಕೈ ನೋಡಿದಳು. ದಾಟಿ ಒಳಗೆ ಬರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತಳು.

“ನೀನ ತಿಕ್ಕೀದಿ. ಹಳೇ ಮನ್ಯಾಗ ಇದ್ದಾಗ ದೀಪಾವಳಿ ಲಕ್ಷ್ಮೀ ಪೂಜಿಗೆ ಪ್ರತಿ ವರ್ಸ ಅದನ್ನ ತೊಳಿಯೂ ಕೆಲಸ ಯಾರದಿತ್ತೋ? ಬೂದಿ ಸಾಲೂದಿಲ್ಲಂತ ಇಟ್ಟಂಗಿ ಪುಡಿ ಹಾಕಿ ತಿಕ್ಕತಿದ್ದಿ. ಹೊಳದ್ರ ಒಂದ ಕರ್ಚಿಕಾಯಿ ಹೆಚ್ಚಿಗಿ ಕೊಡತಿದ್ದೆ.”

ಕರ್ಚಿಕಾಯಿಯ ರುಚಿ ಮೊದಲು ನೆನಪಾಯಿತು. ಆಮೇಲೆ ಕಟ್ಟೆಯ ಕಲ್ಲು, ಇಟ್ಟಿಗೆಯ ಕೆಂಪು ಪುಡಿ, ಉರಿಯುತ್ತಿದ್ದ ಹೆಬ್ಬೆರಳು. ಒಂದು ವಾಟೆಗಾಗಿ ತಿಕ್ಕಿ ತಂದ ಲಗಮವ್ವನ ಮುಖವೂ ನೆನಪಾಗಿ ನಾಚಿಕೆಯಿಂದ ಕುಗ್ಗಿದೆ.

“ತಪ್ಪಾತಬೇ. ಇದ್ದಲ್ಲೇ ಇಡತೇನಿ,” ಎಂದೆ.

“ಕರ್ರಗಾದದ್ದನ್ನ ಹಂಗ ಇಡಬಾರದು. ತಿಕ್ಕಿ ಇಡು. ಅಲ್ಲೀತನಾ ನಾ ಒಳಗ ಬರೂದಿಲ್ಲ.”

ವಿಜಯಾ ಒಳಗಿನಿಂದ ಹುಣಸೆಹಣ್ಣು, ಬೂದಿ ತಂದು ನನ್ನ ಮುಂದಿಟ್ಟಳು. ನಾನು ತಿಕ್ಕತೊಡಗಿದೆ. ನಲವತ್ತು ವರ್ಷದ ಹಿಂದಿನ ರೂಢಿ, ಹೆಬ್ಬೆರಳು ತಾನೇ ಸುತ್ತುಹಾಕಿತು. ಅಂಚು ಹೊಳೆಯಿತು, ದೊರೆಯ ಮುಖವಿದ್ದ ಕಡೆಯೂ ಹೊಳೆಯಿತು. ತಿರುಗಿಸಿದೆ. ನಡುವೆ ಉಳಿದಿದ್ದ ಮೂರು ಅಂಕಿಗಳನ್ನು ಮಾತ್ರ ಬಿಟ್ಟು ಸುತ್ತಲೂ ತಿಕ್ಕಿ ಅವ್ವನ ಮುಂದೆ ಹಿಡಿದೆ.

ಆಕೆ ಬಾಗಿ ನೋಡಿದಳು. “ನಡುವ ಇನ್ನೂ ಕಪ್ಪ ಐತಿ,” ಎಂದಳು.

ಇನ್ನಷ್ಟು ಬೂದಿ ತೆಗೆದುಕೊಂಡು ನಡುವೆಯೂ ತಿಕ್ಕಿದೆ.