ಉಳಿದದ್ದು ಲೈನಿಗೆ

ಮತ್ತೆ ನಿಂತಿತು, ಬೇಲಿಯಾಚೆ ಗೋಪಿಯ ಮನೆಯ ಫ್ರೀಜರು, ಹೂಂ ಎಂದು ಶುರುವಾದದ್ದು ಎರಡು ಸಲ ಕೆಮ್ಮಿದಂತೆ ಮಾಡಿ ನಿಂತೇ ಹೋಯಿತು, ವೋಲ್ಟೇಜು ಇಲ್ಲ, ಈ ಬಿಸಿಲಿಗೆ ಊರಿನ ಪಂಪುಗಳೆಲ್ಲ ಒಟ್ಟಿಗೆ ತಿರುಗತೊಡಗಿದರೆ ಲೈನಿನ ಕೊನೆಗೆ ಬರುವುದು ಉಂಡು ಮಿಕ್ಕಿದ ಕರೆಂಟು, ಉಪ್ಪುಂದದಿಂದ ಕಡಲಿಗಿಳಿಯುವ ಈ ಓಣಿಯಲ್ಲಿ ವನಜಳದ್ದು ಕೊನೆಯಿಂದ ಎರಡನೆಯ ಮನೆ, ಗೋಪಿಯದ್ದು ಕಟ್ಟಕಡೆಯದು, ಅಲ್ಲಿಂದ ಮುಂದೆ ಮರಳು, ಆಮೇಲೆ ಕಡಲು, ಕಡಲಿಗೆ ಕರೆಂಟು ಬೇಡ. ಇವತ್ತು ಅವಳ ಪೆಟ್ಟಿಗೆಯಲ್ಲಿ ಏನಿದೆಯೋ, ಅಂಜಲ್ ಇದ್ದರೆ ಸಂಜೆಯೊಳಗೆ ಅದರ ಕಣ್ಣು ಮಂಕಾಗುತ್ತದೆ, ಗಿರಾಕಿ ಕಿವಿರು ಎತ್ತಿ ನೋಡಿ ಮುಖ ಸಿಂಡರಿಸುತ್ತಾನೆ — ಆದರೆ ಆಗಲಿ, ನನಗೆಂತ, ಎಂದುಕೊಂಡು ವನಜ ಹಿತ್ತಿಲ ಮೆಟ್ಟುಕತ್ತಿಯ ಮೇಲೆ ಬಂಗುಡೆಯ ತಲೆ ಒತ್ತಿದಳು, ಕೈ ಬಂಗುಡೆಯ ಮೇಲೆ, ಕಾಲು ಕತ್ತಿಯ ಮೇಲೆ, ಕಿವಿ ಮಾತ್ರ ಬೇಲಿಯಾಚೆ, ಈ ಕಿವಿಗೆ ಮಾನ ಮರ್ಯಾದೆ ಇಲ್ಲ, ಮಾತು ಬಿಟ್ಟು ಇಪ್ಪತ್ತು ವರ್ಷವಾಗುತ್ತ ಬಂದ ಮನೆಯ ಸದ್ದನ್ನೂ ಹೆಕ್ಕಿ ತರುತ್ತದೆ, ಓರಗಿತ್ತಿಯಾದರೇನು, ಗಂಡನ ಅಣ್ಣ ಭೋಜನ ಹೆಂಡತಿಯಾದರೇನು, ಬಿಟ್ಟದ್ದು ಬಿಟ್ಟದ್ದೇ. ಗಂಡಸರು ಬಿಡಲಿಲ್ಲ, ಅವರಿಬ್ಬರೂ ಒಂದೇ ದೋಣಿಯಲ್ಲಿ ಹೋದರು, ಒಂದೇ ಬೀಡಿ ಕಟ್ಟು ಹಂಚಿಕೊಂಡರು, ಹೆಂಗಸರ ಜಗಳಕ್ಕೆ ಬಲೆ ಹರಿದುಕೊಳ್ಳುವಷ್ಟು ದಡ್ಡರಲ್ಲ.

ಜಗಲಿಯಿಂದ ಮಾತು ಕೇಳುತ್ತಿದೆ, ಗಂಡ ಸುಬ್ಬನ ದೊಡ್ಡ ಗಂಟಲು, ಕರೆಂಟ್ ಆಫೀಸಿನ ಉಮಾನಾಥನ ಸಣ್ಣ ಗಂಟಲು, ತಾರಸಿಯ ಮೇಲೆ ಸೋಲಾರಿನ ನೀಲಿ ಹಲಗೆ ಕೂರಿಸಿದ ದಿನದಿಂದ ಅವನ ಸಂಭ್ರಮ ನೋಡಬೇಕು, ಮೊಣಕಾಲು ನೋವೆಂದು ದೋಣಿ ಬಿಟ್ಟವನು ಈಗ ದಿನಕ್ಕೆ ಮೂರು ಸಲ ಏಣಿ ಹತ್ತಿ ಸ್ನಾನದ ಬೈರಾಸಿನಲ್ಲೇ ಹಲಗೆ ಒರೆಸುತ್ತಾನೆ, ಮಗಳು ದಿವ್ಯಾಳನ್ನು ಚಿಕ್ಕಂದಿನಲ್ಲಿ ಇಷ್ಟು ಒರೆಸಿದ್ದಿಲ್ಲ. ಎಲ್ಲ ಜೋಡಿಸಿ ಆಗಿದೆ, ಇನ್ನು ಉಳಿದದ್ದು ಅದರ ಕರೆಂಟು ಯಾವ ಲೆಕ್ಕಕ್ಕೆ ಸೇರುವುದು ಎಂದು ಹೇಳುವುದೊಂದೇ, ಅದನ್ನು ವನಜಳೇ ಹೇಳಬೇಕು, ಮನೆ ಕಟ್ಟುವಾಗ ಸುಬ್ಬ ಕಡಲ ಮೇಲಿದ್ದ, ಮೀಟರು ಅವಳ ಹೆಸರಿಗೇ ಬಿತ್ತು, ಬೆಳಿಗ್ಗೆ ಬ್ರಹ್ಮಾವರದಿಂದ ದಿವ್ಯಾ ಫೋನು ಮಾಡಿ, ಅಮ್ಮ, ಅಪ್ಪಯ್ಯ ಎಂತ ಹೇಳ್ರೂ ಹ್ಞೂಂ ಅನ್ಬೇಡ, ನೀನೇ ನಿಘಂಟ್ ಮಾಡ್, ಎಂದಳು. ಮೂರ್ ದಾರಿ ಇತ್ತ್ ಕಾಣಿ, ಎನ್ನುತ್ತಿದ್ದಾನೆ ಉಮಾನಾಥ, ಒಂದ್, ಆದ ಕರೆಂಟೆಲ್ಲಾ ನಮ್ಗೇ ಮಾರುದ್, ಮನಿಗ್ ಬೇಕಾದ್ದ್ ಮಾಮೂಲಿ ದರದಗೆ ವಾಪಾಸ್ ತಕಂಬುದ್, ಎರಡ್, ನೆಟ್ ಮೀಟರ್ — ನೆಟ್ ಅಂದ್ರೆ ಮೀನ್ ಹಿಡೂ ಬಲಿ ಅಲ್ದಾ, ಎಂದ ಸುಬ್ಬ, ಇಬ್ಬರೂ ನಕ್ಕರು, ವನಜಳಿಗೂ ಹಿತ್ತಿಲಲ್ಲಿ ನಗು ಬಂತು — ಮನಿಗ್ ಆಯ್ ಉಳ್ದದ್ದ್ ಮಾತ್ರ ಲೈನಿಗೆ ಕೊಡುದ್, ಮೂರನೇದ್ ಬ್ಯಾಟ್ರಿ, ಲೈನೇ ಬೇಡ, ಆದ್ದೆಲ್ಲಾ ನಿಮ್ಮ ಮನಿಯಂಗೇ. ಎಷ್ಟು ಉದ್ದ ಮಾಡುತ್ತಾನಪ್ಪ ಇವನು, ಮೀನಿನ ಲೆಕ್ಕದಲ್ಲಿ ಹೇಳಿದರೆ ಒಂದೇ ಮಾತು, ದೋಣಿಯ ಮೀನೆಲ್ಲ ಹರಾಜಿಗೆ ಸುರಿದು ಸಾರಿಗೆ ಪೇಟೆಯಿಂದ ಮೀನು ತರುವುದು ಒಂದು, ಸಾರಿಗೆ ಬೇಕಾದ್ದು ತೆಗೆದಿಟ್ಟು ಉಳಿದದ್ದನ್ನು ಹರಾಜಿಗೆ ಹಾಕುವುದು ಎರಡು, ಯಾರಿಗೂ ಕೊಡದೆ ಎಲ್ಲ ಉಪ್ಪು ಹಾಕಿ ಅಟ್ಟಕ್ಕೆ ಏರಿಸುವುದು ಮೂರು. ಬೈಂದೂರು ಮಾರ್ಕೆಟಿನಲ್ಲಿ ಬುಟ್ಟಿ ಇಟ್ಟು ಕೂತ ಯಾವ ಹೆಂಗಸಾದರೂ ಎರಡನೆಯದಕ್ಕೇ ಕೈ ಎತ್ತುತ್ತಾಳೆ, ವನಜಳೂ ಅದನ್ನೇ ಹೇಳುವವಳಿದ್ದಳು, ಬಾಯಿ ತುದಿಗೆ ಬಂದಿತ್ತು, ಅಷ್ಟರಲ್ಲಿ ಸುಬ್ಬನಿಗೆ ಒಂದು ಕೆಟ್ಟ ಕುತೂಹಲ — ಅಲ್ಲ ಮರಾಯ್ರೆ, ಲೈನಿಗ್ ಕೊಟ್ಟದ್ದ್ ಎಲ್ಲಿಗ್ ಹೋತ್ತ್, ಬೆಂಗ್ಳೂರಿಗಾ? ಎಂತ ಬೆಂಗ್ಳೂರ್, ಕರೆಂಟಿಗೆ ದೂರ ಹೋಪ್ಕೆ ಉದಾಸ್ನ, ಹತ್ರ ಯಾರ್ ಎಳ್ಕಂತ್ರೋ ಅವ್ರಿಗೇ ಮೊದ್ಲ್, ನಿಮ್ಮನಿ ಉಳ್ದದ್ದ್ ಸೀದಾ ಆಚಿ ಮನಿಗೇ, ಗೋಪಿಯಕ್ಕನ ಫ್ರೀಜರ್ ಓಡತ್ತ್ ಕಾಣಿ.

ಕತ್ತಿಯ ಮೇಲೆ ಬಂಗುಡೆ ಅರ್ಧಕ್ಕೆ ನಿಂತಿತು. ಆಚೆ ಮನೆಗೆ. ಈ ಕೈಯಿಂದ ಒಂದು ಕರಿಬೇವಿನ ಎಸಳು ಆಚೆ ಮನೆಗೆ ಹೋಗದೆ ಎಷ್ಟು ಕಾಲವಾಯಿತು, ಈಗ ತಾರಸಿಯ ಮೇಲಿಂದ ಕೇಳದೆ ಹೇಳದೆ ಹರಿದು ಹೋಗುವುದಂತೆ, ಅವಳ ಪೆಟ್ಟಿಗೆಯೊಳಗೆ ಮಂಜುಗಡ್ಡೆ ಕಟ್ಟುವುದಂತೆ, ಮಂಜುಗಡ್ಡೆಯೇ ಆಗಬೇಕಾ, ಬೇರೆ ಯಾವುದೂ ಸಿಗಲಿಲ್ಲವಾ ದೇವರಿಗೆ — ಹೊಸ್ತಿಲ ಮೇಲೆ ಒದ್ದೆ ಗೋಣಿ, ಬೇಡ, ಅದನ್ನು ನೆನೆಯುವುದು ಬೇಡ, ಮೊದಲಿನದ್ದು ಮೊದಲು. ದಿವ್ಯಾಳಿಗೆ ಆಗ ನಾಲ್ಕು ವರ್ಷ, ಮೈ ಹಂಚಿನ ಹಾಗೆ ಕಾಯುತ್ತಿತ್ತು, ಕಣ್ಣು ಮೇಲೆ ಮೇಲೆ ಹೋಗುತ್ತಿತ್ತು, ಗಂಡಸರಿಬ್ಬರೂ ದೋಣಿಯಲ್ಲಿ, ಹೊತ್ತು ಆಗಷ್ಟೇ ಮುಳುಗಿತ್ತು, ತಲೆಗಿಡಲು ಮಂಜುಗಡ್ಡೆಯಾದರೂ ಇದ್ದರೆ ಎಂದು ವನಜ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಿದ್ದಳು, ಆಗ ಬೇಲಿ ಇರಲಿಲ್ಲ, ನಾಲ್ಕು ಹೆಜ್ಜೆ, ಗೋಪಿಯ ಜಗಲಿಯಲ್ಲಿ ಮೀನಿನ ಪೆಟ್ಟಿಗೆ ತೆರೆದೇ ಇತ್ತು, ಮರದ ಹುಡಿಯ ನಡುವೆ ಇಷ್ಟಗಲದ ಗಡ್ಡೆ, ತುಳಸಿ ಕಟ್ಟೆಯ ದೀಪದ ಬೆಳಕು ಅದರ ಮೇಲೆ ಬಿದ್ದು ಹೊಳೆಯುತ್ತಿತ್ತು. ಗೋಪಿಯಕ್ಕಾ ಒಂದ್ ತುಂಡ್ ಕೊಡ್, ಹೆಣ್ಣಿಗೆ ಜ್ವರ ತಲಿಗೆ ಏರಿತ್. ಗೋಪಿ ಎದ್ದಳು, ಬಗ್ಗಿದಳು, ಕೈ ಪೆಟ್ಟಿಗೆಯವರೆಗೂ ಹೋಯಿತು, ಅಲ್ಲಿಂದ ಹಿಂದೆ ಬಂತು. ಅದ್ಕೆ ಉಪ್ಪ್ ಹಾಕಿದೆ ವನಜ, ದೀಪ ಹಚ್ಚಿ ಆಯ್ತ್, ಉಪ್ಪ್ ಹೊರ್ಗ್ ಕೊಡೂಕಾಗ, ಗಂಡಸ್ರ್ ನೀರ್ ಮೇಲ್ ಇದ್ರ್. ಉಪ್ಪಂತೆ! ಮೀನು ಕೆಡದ ಹಾಗೆ ಗಡ್ಡೆಯ ಮೇಲೆ ಚೆಲ್ಲಿದ ಒಂದು ಮುಷ್ಟಿ ಉಪ್ಪು, ಅದೂ ಉಪ್ಪೇ, ದೀಪ ಹಚ್ಚಿದ ಮೇಲೆ ಉಪ್ಪು ಕೊಟ್ಟರೆ ಲಕ್ಷ್ಮಿ ಹೋಗುತ್ತಾಳೆ, ಗಂಡಸರು ಕಡಲಲ್ಲಿರುವಾಗ ಕೊಟ್ಟರೆ ಹೋಗುವುದು ಲಕ್ಷ್ಮಿಯೊಬ್ಬಳೇ ಅಲ್ಲ, ಅತ್ತೆ ಇಬ್ಬರಿಗೂ ಹೇಳಿಕೊಟ್ಟ ಪಾಠ, ಇಬ್ಬರೂ ತಲೆಯಾಡಿಸಿ ಕಲಿತದ್ದು. ವನಜಳಿಗೂ ಗೊತ್ತಿತ್ತು, ಗೊತ್ತಿದ್ದರೇನು, ಹೆಗಲ ಮೇಲೆ ಹೊತ್ತಿ ಉರಿಯುತ್ತಿದ್ದದ್ದು ಅವಳ ಮಗು, ಗೋಪಿಯದ್ದಲ್ಲ, ಶಾಸ್ತ್ರ ಹೇಳಲು ಯಾರಿಗೂ ಜ್ವರ ಬರಬೇಕಾಗಿಲ್ಲ.

ಕುಂದಾಪುರದ ಕೊನೆಯ ಬಸ್ಸು ಸಿಕ್ಕಿತು, ಬಸ್ಸಿನಲ್ಲಿ ಯಾರೋ ಪುಣ್ಯಾತ್ಮರು ಸೀಟು ಬಿಟ್ಟರು, ಮರವಂತೆಯಲ್ಲಿ ಕಡಲ ಗಾಳಿ ಕಿಟಕಿಯಿಂದ ಬಂದಾಗ ಮಗು ಒಮ್ಮೆ ಅಮ್ಮಾ ಅಂದಿತು, ಆಸ್ಪತ್ರೆಯಲ್ಲಿ ನರ್ಸು ತಲೆಗಿಟ್ಟದ್ದೂ ಮಂಜುಗಡ್ಡೆಯನ್ನೇ, ಬೆಳಗಾಗುವಷ್ಟರಲ್ಲಿ ಜ್ವರ ಇಳಿಯಿತು, ಗಂಡಸರೂ ದೋಣಿಗೆ ಬೈಗೆ ಮೀನು ತುಂಬಿಕೊಂಡು ಕ್ಷೇಮವಾಗಿ ಬಂದರು. ಎಲ್ಲ ಒಳ್ಳೆಯದೇ ಆಯಿತು, ಅದೇ ಕಷ್ಟ, ಯಾರಿಗೂ ಏನೂ ಆಗದಿದ್ದರೆ ಸಿಟ್ಟು ಇಡಲು ಜಾಗವಿಲ್ಲ, ಮನೆಯೊಳಗೇ ಇಟ್ಟುಕೊಳ್ಳಬೇಕು. ಮಗುವಿನ ಅಂಗಿ ಒಯ್ಯಲೆಂದು ವನಜ ಬೆಳಗಿನ ಮೊದಲ ಬಸ್ಸಿಗೆ ಮನೆಗೆ ಬಂದಳು, ಹೊಸ್ತಿಲ ಮೇಲೆ ಒದ್ದೆ ಗೋಣಿ. ಗೋಪಿಯದ್ದೇ, ಅಂಚಿಗೆ ನೀಲಿ ಬಲೆಹುರಿಯ ಹೊಲಿಗೆ ಹಾಕುವವಳು ಓಣಿಯಲ್ಲಿ ಅವಳೊಬ್ಬಳೇ. ಬೆಳಕು ಹರಿದ ಕೂಡಲೇ ತಂದಿಟ್ಟಿದ್ದಾಳೆ, ಬೆಳಕು ಹರಿದರೆ ಕೊಡಬಹುದಲ್ಲ, ಬಾಗಿಲು ಬಡಿದಿರಬೇಕು, ಬೀಗ ಕಂಡಿರಬೇಕು, ಇಟ್ಟು ಹೋಗಿದ್ದಾಳೆ, ಗೋಣಿಯಿಂದ ಸಣ್ಣ ಕಾಲುವೆಯಂತೆ ನೀರು ಮೆಟ್ಟಿಲು ಇಳಿದು ಅಂಗಳ ಸೇರಿತ್ತು, ಮಡಿಕೆಯಲ್ಲಿ ಏನೋ ಒಂದಿಷ್ಟು ಬೆಳ್ಳಗೆ. ವನಜ ಅದನ್ನು ದಾಟಿ ಒಳಗೆ ಹೋದಳು, ಅಂಗಿ ತಗೊಂಡು ದಾಟಿ ಹೊರಗೆ ಬಂದಳು, ಎರಡು ಸಲವೂ ಕಾಲು ತಾಗಲಿಲ್ಲ, ಆಚೆ ಅಂಗಳದಲ್ಲಿ ಗೋಪಿ ಹಿಡಿಸೂಡಿ ಹಿಡಿದು ನಿಂತಿದ್ದಳು, ನೋಡಿದಳು, ಏನೋ ಕೇಳಲು ಬಾಯಿ ತೆರೆದಳು, ಮತ್ತೆ ಬಗ್ಗಿ ಗುಡಿಸತೊಡಗಿದಳು. ಆ ಮಳೆಗಾಲ ಮುಗಿದ ಮೇಲೆ ಬೇಲಿ ಬಂತು. ದಿವ್ಯಾಳಿಗೆ ಇದೊಂದೂ ನೆನಪಿಲ್ಲ, ತವರಿಗೆ ಬಂದರೆ ದೊಡ್ಡಮ್ಮಾ ಎನ್ನುತ್ತ ಬೇಲಿ ಸುತ್ತಿ ಆಚೆ ಹೋಗಿ ಒಣಸಿಗಡಿ ಚಟ್ನಿ ತಿಂದು ಬೆರಳು ಚೀಪುತ್ತ ಬರುತ್ತಾಳೆ, ಜ್ವರ ಬಂದವಳಿಗೇ ಇಲ್ಲದ ಸಿಟ್ಟು.

ಹ್ವಾಯ್ ವನಜಾ, ಎಂತ ನಿಘಂಟ್ ಮಾಡ್ದೆ, ಉಮಾನಾಥಣ್ಣ ಎಷ್ಟೊತ್ತ್ ಕೂಕಂಬುದ್? ಬಂದೆ ಎಂದಳು, ಬರಲಿಲ್ಲ. ಬ್ಯಾಟರಿ ಅಂದುಬಿಡಬಹುದು, ಹೇಳುವುದು ತನ್ನ ಬಾಯಿ, ಎಲ್ಲ ಮನೆಯೊಳಗೇ, ಯಾರಿಗೂ ಇಲ್ಲ, ಆಚೆಯ ಫ್ರೀಜರು ಕೆಮ್ಮಿಕೊಂಡಿರಲಿ, ಕೊಡದವರಿಗೆ ಕೊಡದಿದ್ದರೆ ಯಾವ ಪಾಪ? ಕೈ ತೊಳೆದು ಸೆರಗಿಗೆ ಒರೆಸುತ್ತ ಜಗಲಿಗೆ ಬಂದಳು, ಬ್ಯಾಟ್ರಿ ಹಾಕ್ರೆ ಹ್ಯಾಂಗೆ, ಎಂದು ಕೇಳಿದಳು, ಸುಬ್ಬನ ಮುಖ ಸಪ್ಪೆಯಾಯಿತು, ಅವನಿಗೆ ಗೊತ್ತು ಯಾಕೆಂದು, ಗೊತ್ತಿದ್ದೂ ಬಾಯಿ ಬಿಡದಿರುವುದರಲ್ಲಿ ಅವನು ಗಟ್ಟಿ, ಅದಕ್ಕೇ ಈ ಸಂಸಾರ ಇಷ್ಟು ದೂರ ಬಂದದ್ದು. ಹಾಕ್ಲಕ್ಕ್, ಎಂದ ಉಮಾನಾಥ, ರಾತ್ರಿಗ್ ಆತ್ತ್, ಆದ್ರೆ ಬ್ಯಾಟ್ರಿ ಮಧ್ಯಾಹ್ನದೊಳ್ಗೆ ತುಂಬತ್ತ್ ಅಕ್ಕ. ತುಂಬಿದ್ ಮೇಲೆ? ತುಂಬಿದ್ ಮೇಲ್ ಎಂತ, ಬಿಸ್ಲ್ ಬೀಳ್ತಾ ಇರತ್ತ್, ಯಾರಿಗೂ ಇಲ್ದೆ ಹಾಳಾತ್ತ್ ಅಷ್ಟೇ. ಯಾರಿಗೂ ಇಲ್ಲದೆ — ಮೆಟ್ಟಿಲಿಳಿದು ಅಂಗಳ ಸೇರಿದ ನೀರು, ಮೊದಲು ಬೇಕಾದವರಿಗೆ ಸಿಗಲಿಲ್ಲ, ಆಮೇಲೆ ಸಿಕ್ಕವರಿಗೆ ಬೇಡವಾಯಿತು, ಮಣ್ಣು ಕುಡಿಯಿತು. ಅಷ್ಟು ಬಿಸಿಲು ದಿನಾ ತಾರಸಿಯ ಮೇಲೆ ಕರಗಿ ಹೋಗುವುದಾ, ಮೀನು ಮಾರುವವಳ ಮನಸ್ಸು ಒಪ್ಪುವುದಾ, ಉಳಿದ ಮೀನನ್ನು ಬೆಕ್ಕಿಗಾದರೂ ಹಾಕುತ್ತಾರೆ, ತಿಪ್ಪೆಗೆ ಚೆಲ್ಲುವುದಿಲ್ಲ. ಮತ್ತೆ ಈ ಹಲಗೆಗಳದ್ದೂ ಅದೇ ಶಾಸ್ತ್ರ ಅಲ್ಲವಾ, ವನಜಳಿಗೆ ನಗು ಬಂತು, ಹೊತ್ತು ಮುಳುಗಿ ದೀಪ ಹಚ್ಚಿದ ಮೇಲೆ ಹೊರಗೆ ಒಂದು ಚೂರು ಕೊಡುವುದಿಲ್ಲ, ತಲೆ ಚಚ್ಚಿಕೊಂಡರೂ ಕೊಡುವುದಿಲ್ಲ, ಅತ್ತೆಯೇ ಬಂದು ಕಲಿಸಿ ಹೋದ ಹಾಗೆ, ಗೋಪಿಗಿಂತ ಕಟ್ಟುನಿಟ್ಟು. ಕೊಡುವುದಿದ್ದರೆ ಬೆಳಕಿದ್ದಾಗಲೇ ಕೊಡಬೇಕು. ಬೆಳಕಿದ್ದಾಗ ಅವಳು ಕೊಟ್ಟಳಲ್ಲ, ಕೊಟ್ಟಳು, ತಡವಾಗಿ ಕೊಟ್ಟಳು, ಹೆದರಿಕೊಂಡು ರಾತ್ರಿಯಿಡೀ ಕಣ್ಣು ಮುಚ್ಚದೆ ಬೆಳಗಾಗಲಿ ಎಂದು ಕಾದು ಕೊಟ್ಟಳೋ ಏನೋ, ಅವಳು ಹೆದರಿದ್ದು ಭೋಜನಿಗಾಗಿ ಮಾತ್ರವಾ, ಅದೇ ದೋಣಿಯಲ್ಲಿ ಈ ಸುಬ್ಬನೂ ಇದ್ದ, ಈಗ ಎದುರು ಕೂತು ಬೈರಾಸಿನಲ್ಲಿ ಮುಖ ಒರೆಸಿಕೊಳ್ಳುತ್ತಿರುವ ಇವನೂ.

ನೆಟ್ಟೇ ಇರ್ಲಿ, ಎಂದಳು, ಮನಿಗ್ ಆಯ್ ಉಳ್ದದ್ದ್ ಲೈನಿಗೆ ಹೋಯ್ಲಿ. ಉಮಾನಾಥ ಪೆನ್ನು ಕೊಟ್ಟ, ಅವಳ ಬೆರಳಲ್ಲಿ ಇನ್ನೂ ಬಂಗುಡೆಯ ವಾಸನೆ, ಹೆಸರು ಬರೆದಳು, ಸುಬ್ಬ ಎದ್ದು ಏಣಿಯ ಕಡೆ ನಡೆದ, ಮತ್ತೆ ಒರೆಸಲು. ಗೋಪಿಗೆ ಇದು ಗೊತ್ತಾಗುವುದಿಲ್ಲ, ಗೊತ್ತಾಗುವುದೂ ಬೇಡ, ಇನ್ನು ಸ್ವಲ್ಪ ದಿನಕ್ಕೆ ಮಧ್ಯಾಹ್ನ ಫ್ರೀಜರು ಕೆಮ್ಮದೆ ಓಡಿದರೆ ಇದೆಂತ ಚೋದ್ಯ ಎಂದುಕೊಂಡಾಳು, ಯಾರು ಹೇಳಬೇಕು ಅವಳಿಗೆ, ದಿವ್ಯಾ ಹೇಳುತ್ತಾಳೆ, ಆ ಹುಡುಗಿಯ ಬಾಯಿ ನಿಲ್ಲುವುದಿಲ್ಲ, ಹೇಳಿದರೆ ಹೇಳಲಿ. ಬೇಲಿಯಾಚೆ ಹೂಂ ಎಂದು ಶುರುವಾಯಿತು, ವನಜ ಕಿವಿ ಕೊಟ್ಟು ನಿಂತಳು, ಕೆಮ್ಮಿತು, ನಿಲ್ಲಬೇಡ, ನಿಲ್ಲಬೇಡ, ಇನ್ನು ನಾಲ್ಕು ದಿನ ತಡಿ — ನಿಂತಿತು, ಒಳಗೆ ಹೋಗಲು ತಿರುಗಿದವಳ ಕಾಲು ತಾನಾಗಿ ಎತ್ತರಕ್ಕೆ ಎದ್ದಿತು, ಅಲ್ಲೇನೋ ಇರುವ ಹಾಗೆ, ದಾಟಬೇಕಾದ್ದು, ಎದ್ದ ಕಾಲು ಹಾಗೇ ನಿಂತಿತು, ಹೊಸ್ತಿಲು ಒಣಗಿತ್ತು, ಬಿಸಿಲು ಬಿದ್ದಿತ್ತು, ಹೊಸ್ತಿಲ ಮೇಲೆ ಒದ್ದೆ ಗೋಣಿ, ಅಂಚಿಗೆ ನೀಲಿ ಹುರಿ, ಮಡಿಕೆಯಲ್ಲಿ ಅಡಿಕೆಯಷ್ಟು ಮಂಜುಗಡ್ಡೆ, ಆಗ ಬಗ್ಗಿದ್ದರೆ ಕೈಗೆ ಸಿಗುತ್ತಿತ್ತು, ಇನ್ನೂ ಪೂರ್ತಿ ಕರಗಿರಲಿಲ್ಲ