ಗುಂಪು ಬಿಟ್ಟ ಡಿಸ್ಕು

"ಎಲ್ಲಾ ಸರಿಯಾಗಿದೆ ಮೇಡಂ, ಆದ್ರೆ..." ಎಂದು ಮಕ್ಸೂದ್ ಫೋನಿನಲ್ಲಿ ರಾಗ ಎಳೆದಾಗಲೇ ರಾಜೀವಿ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟಳು.

ಉಡುಪಿಯ ರಾಜೀವಿ ರೆಡೊಂಡೊ ಬೀಚಿನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಂಪನಿಯೊಂದರ ಹಳೆಯ ಯೂನಿಕ್ಸ್ ಸರ್ವರನ್ನು ನೋಡಿಕೊಳ್ಳುತ್ತಿದ್ದಳು. ಅದನ್ನು ಬದಲಾಯಿಸುತ್ತೇವೆಂದು ಮೇಲಿನವರು ಪ್ರತಿವರ್ಷ ಹೇಳುತ್ತಿದ್ದರು. ಹೇಳುವವರು ಬದಲಾಗುತ್ತಿದ್ದರೇ ಹೊರತು ಸರ್ವರ್ ಬದಲಾಗಿರಲಿಲ್ಲ. ಮೈಸೂರಿನ ಮಕ್ಸೂದ್ ಅದೇ ಕಂಪನಿಯ ಸ್ಯಾನ್ ಡಿಯಾಗೋ ಶಾಖೆಯವನು. ಭೂಕಂಪವಾಗಿ ರೆಡೊಂಡೊ ಬೀಚಿನ ಸರ್ವರ್ ಮಲಗಿದರೆ, ಸ್ಯಾನ್ ಡಿಯಾಗೋದ ಕರ್ನಿ ಮೆಸಾ ಬಡಾವಣೆಯಲ್ಲಿದ್ದ ಅವನ ಸರ್ವರ್ ಎದ್ದು ಕೆಲಸ ನಡೆಸಬೇಕು. ಅದು ನಿಜವಾಗಿಯೂ ಏಳುತ್ತದೆಯೇ ಎಂದು ಕಣ್ಣಾರೆ ನೋಡಲು ದೊಡ್ಡ ಗಿರಾಕಿಯ ಕಡೆಯವರು ಅಂದು ಮಧ್ಯಾಹ್ನ ಅಲ್ಲಿಗೆ ಬರುವವರಿದ್ದರು.

ಅದಕ್ಕಾಗಿ ಇಲ್ಲಿಯ ಡಿಸ್ಕುಗಳ ಹೊಸ ಪ್ರತಿ ಅಲ್ಲಿಗೆ ಹೋಗಿತ್ತು. ಒಂದು ಗುಂಪಿನ ಡಿಸ್ಕುಗಳಿಗೆಲ್ಲ ಒಂದೇ ಗುರುತಿನ ಸಂಖ್ಯೆ ಇರುತ್ತದೆ. ಅಲ್ಲಿ ಹಳೆಯ ಪ್ರತಿಯೂ ಇದ್ದುದರಿಂದ ಹೊಸದಕ್ಕೆ ಬೇರೆ ಸಂಖ್ಯೆ ಕೊಡಬೇಕಿತ್ತು.

"ನಾಲ್ಕೂ ಡಿಸ್ಕಿಗೆ ಒಟ್ಟಿಗೇ ಕೊಟ್ರಿ ಅಲ್ವಾ ಹೊಸ ನಂಬರು?"

"ಮೂರಕ್ಕೆ ಒಟ್ಟಿಗೇ ಕೊಟ್ಟೆ. ನಾಲ್ಕನೇದು ಮರ್ತೋಗಿತ್ತು. ಅದಕ್ಕೆ ಆಮೇಲೆ ಕೊಟ್ಟೆ."

"ಎಂತ ಮಾರಾಯ್ರೆ ನೀವು! ಆ ಕಮಾಂಡ್ ಪ್ರತಿ ಸಲ ಬೇರೆ ನಂಬರು ಹುಟ್ಟಿಸ್ತದೆ!"

"ಅದು ಈಗ ಗೊತ್ತಾಯ್ತು ಮೇಡಂ."

ಮೂರು ಡಿಸ್ಕಿಗೆ ಒಂದು ಸಂಖ್ಯೆ, ನಾಲ್ಕನೆಯದಕ್ಕೆ ಇನ್ನೊಂದು. ಅದು ತನ್ನ ಗುಂಪಿನದೇ ಅಲ್ಲವೆಂದು ಸರ್ವರ್ ಹಟ ಹಿಡಿದಿತ್ತು. ಮತ್ತೆ ಕಮಾಂಡ್ ಕೊಟ್ಟರೆ, ಸಂಖ್ಯೆ ಹೊಂದದ ಡಿಸ್ಕುಗಳನ್ನು ಒಟ್ಟಿಗೆ ಮುಟ್ಟುವುದಿಲ್ಲ ಎನ್ನುತ್ತಿತ್ತು. ಹೊಸದಾಗಿ ಪ್ರತಿ ಮಾಡಲು ಹೊರಟರೆ ನಾಳೆಯಾಗುತ್ತಿತ್ತು. ಕೂತಲ್ಲಿಂದಲೇ ಲಾಗಿನ್ ಆಗೋಣವೆಂದರೆ, ಪರೀಕ್ಷೆಯ ಸಲುವಾಗಿ ಹೊರಗಿನಿಂದ ಒಳಗೆ ಬರುವ ದಾರಿಯನ್ನೆಲ್ಲ ಮಕ್ಸೂದನೇ ಮುಚ್ಚಿದ್ದ. ತೆರೆಯುವ ಪಾಸ್‌ವರ್ಡು ಆ ನಾಲ್ಕನೆಯ ಡಿಸ್ಕಿನಲ್ಲೇ ಇತ್ತು.

ರಾಜೀವಿ ಕಾರು ಹತ್ತಿದಳು. ಫ್ರೀವೇಯಲ್ಲಿ ವಾಹನಗಳು ಆಮೆಯಂತೆ ತೆವಳುವಾಗ ಮಕ್ಸೂದನಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡಳು. ಅಲ್ಲಿ ತಲುಪಿ ಅವನ ಬಾಡಿದ ಮುಖ ನೋಡಿದ ಮೇಲೆ ಆ ಮಾತುಗಳನ್ನೆಲ್ಲ ನುಂಗಿಕೊಂಡಳು.

"ಕೈಯಲ್ಲೇ ತಿದ್ದುವ. ಆ ಮೂರರ ನಂಬರನ್ನು ನಾಲ್ಕನೆಯದರ ತಲೆಯಲ್ಲಿ, ಅಂದ್ರೆ ಶುರುವಿನ ಜಾಗದಲ್ಲಿ, ಬರೆಯುವುದು. ನೀವು ಓದಿ, ನಾನು ಟೈಪ್ ಮಾಡ್ತೇನೆ."

"ತಪ್ಪಾದ್ರೆ?"

"ಅದನ್ನು ಈಗ ಕೇಳ್ಬೇಡಿ."

ಡಿಸ್ಕಿನ ಆ ಭಾಗದ ನಕಲನ್ನು ಮೊದಲು ತೆಗೆದಿಟ್ಟುಕೊಂಡಳು. ಸಂಖ್ಯೆಯಲ್ಲಿ ಅಂಕಿಗಳ ನಡುವೆ ಇಂಗ್ಲಿಷಿನ ಎ-ಯಿಂದ ಎಫ್-ವರೆಗಿನ ಅಕ್ಷರಗಳೂ ಇದ್ದವು. ಸರ್ವರ್ ಕೋಣೆಯ ಫ್ಯಾನುಗಳ ಗದ್ದಲದಲ್ಲಿ 'ಬಿ'ಗೂ 'ಡಿ'ಗೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಬೆಳಗಿನಿಂದ ಏನೂ ತಿಂದಿರದ ಮಕ್ಸೂದ್ ತನಗೆ ತೋಚಿದಂತೆ ಕೂಗತೊಡಗಿದ.

"ಏಳು! ಬಿ ಫಾರ್ ಬೋಂಡಾ! ಡಿ ಫಾರ್ ದೋಸೆ! ಸಿ ಫಾರ್ ಕಾಫಿ! ಇ ಫಾರ್ ಇಡ್ಲಿ!"

"ಇಡ್ಲಿಗೆ ಐ ಅಲ್ವಾ ಮಾರಾಯ್ರೆ! ಈ ನಂಬರಲ್ಲಿ ಐ ಬರುದೇ ಇಲ್ಲ!"

"ಸಾರಿ, ಇ ಫಾರ್ ಎಗ್!"

ಅಷ್ಟರಲ್ಲಿ ಬಾಗಿಲು ತೆರೆಯಿತು. ಧಾರವಾಡದ ಕಡೆಯ ಸಿದ್ಧಲಿಂಗೇಶ, ಇಬ್ಬರಿಗೂ ಮೇಲಧಿಕಾರಿ, ಬಂದು ನಿಂತಿದ್ದ.

"ಏನ್ರೀ ಮಕ್ಸೂದ್, ಗಿರಾಕಿ ಮಂದಿ ಪಾರ್ಕಿಂಗ್ ಲಾಟಿಗೆ ಬಂದಾರ, ನೀವಿಲ್ಲಿ ನಾಷ್ಟಾ ಆರ್ಡರ್ ಮಾಡಾಕತ್ತೀರಿ?"

"ಇಲ್ಲ ಸರ್, ಇದು ಡಿಸ್ಕಿನ ನಂಬರು."

"ದ್ವಾಸಿ ಅಂದಂಗ ಕೇಳಿಸ್ತಲ್ಲ!"

ರಾಜೀವಿ ತಿರುಗಿ ನೋಡಲಿಲ್ಲ. ಬರೆದದ್ದನ್ನು ಮತ್ತೊಮ್ಮೆ ಓದಿಸಿ, ತಾಳೆ ನೋಡಿ, ಎಂಟರ್ ಒತ್ತಿದಳು. ಆಮೇಲೆ ನಾಲ್ಕೂ ಡಿಸ್ಕುಗಳು ಒಂದೇ ಗುಂಪಿನಲ್ಲಿ ಎದ್ದು ಕೂತವು. ಮಕ್ಸೂದ್ ಸಂತೋಷಕ್ಕೆ ಅವಳ ಕುರ್ಚಿಯನ್ನೇ ಒಂದು ಸುತ್ತು ತಿರುಗಿಸಿಬಿಟ್ಟ.

ಗಿರಾಕಿಯ ಕಡೆಯಿಂದ ಬಂದವರಲ್ಲಿ ಮುಖ್ಯಳಾದ ಬೆಳ್ಳಿಕೂದಲಿನ ಹೆಂಗಸು ಹೆಚ್ಚು ಮಾತಿನವಳಲ್ಲ. ಸಿದ್ಧಲಿಂಗೇಶ ಎದೆಯುಬ್ಬಿಸಿಕೊಂಡು, ರೆಡೊಂಡೊ ಬೀಚ್ ಈಗ ಇಲ್ಲವೆಂದೇ ಇಟ್ಟುಕೊಳ್ಳಿ ಎಂದ. ಒಂದು ಬಿಡಿಭಾಗದ ದಾಖಲೆ ತೆಗೆದು ಪ್ರಿಂಟ್ ಒತ್ತಿದ. ಎಲ್ಲರೂ ಮೂಲೆಯ ಪ್ರಿಂಟರಿನತ್ತ ನೋಡಿದರು. ಅದು ಮಿಸುಕಲಿಲ್ಲ. ಅವನು ಮತ್ತೆ ಒತ್ತಿದ, ಮತ್ತೂ ಒತ್ತಿದ.

ರಾಜೀವಿಯ ಫೋನು ನಡುಗಿತು. ರೆಡೊಂಡೊ ಬೀಚಿನ ಆಫೀಸಿನಿಂದ ಅವಳ ಸಹೋದ್ಯೋಗಿ ಶ್ರೀಜಾ. "ರಾಜೀವಿಯಕ್ಕ, ಇಲ್ಲಿ ಪ್ರಿಂಟರಿಗೆ ಎಂತಾಯ್ತು? ತನ್ನಷ್ಟಕ್ಕೆ ಕಾಗದ ಉಗುಳ್ತಾ ಉಂಟು!"

ಏನಾಗಿದೆಯೆಂದು ರಾಜೀವಿಗೆ ಹೊಳೆಯಿತು. ಡಿಸ್ಕುಗಳ ಗುರುತೇನೋ ಬದಲಾಗಿತ್ತು. ಆದರೆ ಒಳಗಿದ್ದ ಪ್ರೋಗ್ರಾಮು ತಾನಿನ್ನೂ ರೆಡೊಂಡೊ ಬೀಚಿನಲ್ಲೇ ಇದ್ದೇನೆಂದುಕೊಂಡು ಅಲ್ಲಿಯ ಪ್ರಿಂಟರಿಗೇ ಎಲ್ಲವನ್ನೂ ಕಳಿಸುತ್ತಿತ್ತು. ಅದರಲ್ಲಿ ಪ್ರಿಂಟರಿನ ಹೆಸರು ಬದಲಾಯಿಸುವುದು ಮಕ್ಸೂದನ ಕೆಲಸವಲ್ಲ, ಅವಳದೇ. ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು.

ಆ ಹೆಂಗಸು ಮೊದಲ ಸಲ ನಕ್ಕಳು. "ಅಂದರೆ, ನಿಮ್ಮ ಕಟ್ಟಡ ಭೂಕಂಪಕ್ಕೆ ಬಿದ್ದುಹೋದರೂ ಪ್ರಿಂಟರ್ ಮಾತ್ರ ನಿಂತಿರುತ್ತದೆ ಎನ್ನಿ!"

ಸಿದ್ಧಲಿಂಗೇಶ ನಗಬೇಕೋ ಅಳಬೇಕೋ ತಿಳಿಯದೆ ಎರಡರ ನಡುವಿನ ಒಂದು ಸದ್ದು ಮಾಡಿದ. ರಾಜೀವಿ ಅಲ್ಲೇ ಕೂತು ಪ್ರಿಂಟರಿನ ಹೆಸರು ಬದಲಾಯಿಸಿದಳು. ಮೂಲೆಯದು ಕೆಮ್ಮಿ, ಕಾಗದ ಹೊರಗೆ ಹಾಕಿತು. ಹೆಂಗಸು ಒಪ್ಪಿಗೆಯ ಸಹಿ ಹಾಕಿದಳು. ಜೊತೆಗೆ, ಗಿರಾಕಿಯ ರಹಸ್ಯ ವಿವರಗಳಿದ್ದ ಆ ಕಾಗದಗಳು ರೆಡೊಂಡೊ ಬೀಚಿನಲ್ಲಿ ಹಾಗೆ ಬಿದ್ದಿರಕೂಡದು, ಅವನ್ನು ಕಳಿಸಿದ ಈ ಶಾಖೆಯವರೇ ಒಬ್ಬರು ಇವತ್ತೇ ಹೋಗಿ ಎತ್ತಿಡಬೇಕು ಎಂದೂ ಹೇಳಿದಳು.

"ಮಕ್ಸೂದ್ ಹೋಗ್ತಾರ್ರೀ," ಎಂದ ಸಿದ್ಧಲಿಂಗೇಶ, ಅವನನ್ನು ಒಂದು ಮಾತೂ ಕೇಳದೆ.

"ಮೇಡಂ, ನಿಮ್ ಕಾರಲ್ಲೇ ಬರ್ಲಾ? ವಾಪಸ್ ಬರೋದು ಹೇಗೆ?"

"ಟ್ರೈನು ಉಂಟಲ್ಲ. ಹತ್ತಿ."

ಕಾರು ಫ್ರೀವೇ ಹಿಡಿದ ಮೇಲೆ, ಬೆಳಿಗ್ಗೆ ಜೋಡಿಸಿಟ್ಟಿದ್ದ ಮಾತುಗಳನ್ನು ಈಗಲಾದರೂ ಹೇಳಿ ಮುಗಿಸೋಣವೆಂದು ರಾಜೀವಿ ಗಂಟಲು ಸರಿಮಾಡಿಕೊಂಡಳು. ಆದರೆ ತನ್ನ ತಪ್ಪಿನ ನೆನಪೂ ಜೊತೆಗೇ ಬಂದು ಕೂತಿತ್ತು. ಎಲ್ಲಿಂದ ಶುರುಮಾಡಲಿ ಎಂದು ಯೋಚಿಸುತ್ತಿರುವಾಗಲೇ ಎಡಗಡೆ ಸಮುದ್ರ ಕಾಣಿಸಿತು. ಪಕ್ಕಕ್ಕೆ ತಿರುಗಿದರೆ ಮಕ್ಸೂದ್ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಅವಳು ಎಸಿಯನ್ನು ತುಸು ಕಡಿಮೆ ಮಾಡಿ, ಬಲಗಡೆಯ ಲೇನಿಗೆ ಸರಿದು, ನಿಧಾನಕ್ಕೆ ಹೋಗತೊಡಗಿದಳು.