ಸಿಳ್ಳೆ ಹಾಕಬಾರದ ಹಡಗು

ಆ ಸರಕು ಹಡಗಿನಲ್ಲಿ ಯಾರೂ ಸಿಳ್ಳೆ ಹಾಕುವಂತಿರಲಿಲ್ಲ. ಹಾಕಿದರೆ ಬಿರುಗಾಳಿ ಏಳುತ್ತದೆ ಎಂದು ಡೆಕ್ಕಿನ ಮೇಸ್ತ್ರಿಯ ಕಟ್ಟಪ್ಪಣೆ. ಗಾಳಿಗೇನು ಬೇರೆ ಕೆಲಸವಿಲ್ಲವೇ ಎಂದು ಕೇಳುವ ಧೈರ್ಯ ಯಾರಿಗಿತ್ತು? ಹೊಸದಾಗಿ ಬಂದ ವೈರಿಂಗ್ ಹುಡುಗಿಗೆ ಮಾತ್ರ ಸ್ಕ್ರೂಡ್ರೈವರ್ ಕೈಗೆ ಬಂದರೆ ಸಾಕು, ಬಾಯಲ್ಲಿ ಸಿಳ್ಳೆ ತಾನಾಗಿ ಹೊರಡುತ್ತಿತ್ತು. ಮೂರನೇ ಸಲ ಸಿಕ್ಕಿಬಿದ್ದಾಗ ಮೇಸ್ತ್ರಿ ಕೆಂಡಾಮಂಡಲವಾಗಿ ಕ್ಯಾಪ್ಟನ್ ಬಳಿ ಹೋದ. ನಾಳೆ ಬಂದರಿನಲ್ಲಿ ಅವಳು ಇಳಿಯಬೇಕು, ಇಲ್ಲವೇ ತಾನು. ಅವಳೇ ಇಳಿಯಲಿ ಎಂದು ಕ್ಯಾಪ್ಟನ್ ತಲೆಯಾಡಿಸಿದ.

ಹುಡುಗಿ ಅಡುಗೆಮನೆಗೆ ಬಂದು ಈರುಳ್ಳಿ ಹೆಚ್ಚುವ ನೆಪದಲ್ಲಿ ಅತ್ತಳು. "ಎಷ್ಟು ಕಡೆ ಅಲೆದು ಸಿಕ್ಕಿದ ಕೆಲಸ ಅಣ್ಣಾ, ಒಂದು ಸಿಳ್ಳೆಗೆ ಹೋಯ್ತಲ್ಲ!"

ಗಾಳಿಯ ಮಾತು ಬರೀ ಬೊಗಳೆ ಎಂಬುದು ಅಡುಗೆಯವನಿಗೆ ಗೊತ್ತಿತ್ತು.

ಇಪ್ಪತ್ತು ವರ್ಷದ ಹಿಂದೆ ಅವನೂ ಮೇಸ್ತ್ರಿಯೂ ಇದ್ದ ಹಡಗಿನಲ್ಲಿ ಸರಕು ಇಳಿಸಲು ಕ್ರೇನಿನವನಿಗೆ ಸಿಳ್ಳೆಯೇ ಸನ್ನೆ. ಮದುವೆ ಗೊತ್ತಾದ ಖುಷಿಗೆ ಮೇಸ್ತ್ರಿ ಮೈಮರೆತು ಸಿಳ್ಳೆಯಲ್ಲೇ ಹಾಡು ಹೇಳಿದ. ಕ್ರೇನಿನವನು ಪೆಟ್ಟಿಗೆ ಇಳಿಸಿದ. ಆಗ ಡೆಕ್ಕಿನಲ್ಲೇ ಕೆಲಸಕ್ಕಿದ್ದ ಅಡುಗೆಯವನ ಎರಡು ಬೆರಳು ಅದರಡಿ ಸಿಕ್ಕಿ ಹೋದವು. ಅಂದಿನಿಂದ ಮೇಸ್ತ್ರಿಗೆ ಸಿಳ್ಳೆ ಕೇಳಿದರೆ ಮೈ ನಡುಗುತ್ತದೆ. ಯಾಕೆಂದು ಕೇಳಿದವರಿಗೆ ಗಾಳಿಯ ಕಥೆ ಹೇಳುತ್ತಾನೆ. ಅಡುಗೆಯವನಿಗೆ ಈ ಕೆಲಸ ಕೊಡಿಸಿದವನೂ ಅವನೇ, ಇವತ್ತಿಗೂ ಆಲೂಗಡ್ಡೆ ಮೂಟೆ ಹೊತ್ತು ತಂದು ಕೊಡುವವನೂ ಅವನೇ.

ಆದರೆ ಮೇಸ್ತ್ರಿಗೆ ಗೊತ್ತಿಲ್ಲದ್ದೊಂದಿತ್ತು. ಅಡುಗೆಯವನು ಅದನ್ನು ಹೇಳಲು ಬಾಯಿ ತೆರೆದಾಗಲೆಲ್ಲ ಇನ್ನೊಂದು ಮೂಟೆ ಬಂದು ಇಳಿಯುತ್ತಿತ್ತು, ತೆರೆದ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಮಾನಗೆಟ್ಟ ಸುಖ ಅದು.

ಇವತ್ತು ಚಾಕು ಕೆಳಗಿಟ್ಟು ನೇರ ಡೆಕ್ಕಿಗೆ, ಮೇಸ್ತ್ರಿಯ ಬಳಿಗೆ ಹೋದ.

"ಆ ಪೆಟ್ಟಿಗೆ ನಿಧಾನಕ್ಕೇ ಇಳೀತು. ಎಲ್ಲರ ಜೊತೆ ನಾನೂ ಸರಿದಿದ್ದೆ. ಸಿಗರೇಟ್ ಪ್ಯಾಕ್ ಬಿದ್ದಿತ್ತು ನೋಡು, ಎತ್ಕೊಳ್ಳೋಕೆ ವಾಪಸ್ ಬಂದು ಪೆಟ್ಟಿಗೆ ಕೆಳಗೆ ಕೈ ಹಾಕಿದೆ. ನಿನ್ನ ಸಿಳ್ಳೆ ಅಲ್ಲ, ನನ್ನ ಚಟ."

ಮೇಸ್ತ್ರಿ ಕೈಯಲ್ಲಿದ್ದ ಹಗ್ಗ ಬಿಟ್ಟ. "ಇಪ್ಪತ್ತು ವರ್ಷ ನನ್ನ ಕೈಲಿ ಮೂಟೆ ಹೊರಿಸಿದೀಯಲ್ಲೋ, ಕಳ್ಳ ನನ್ಮಗನೇ!"

"ಹೂಂ. ಹೊಡಿ ಬೇಕಾದ್ರೆ."

ಮೇಸ್ತ್ರಿ ಕೈ ಎತ್ತಿದ. ಎತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡ. ಅವನ ಹೆಗಲು ಕುಣಿಯುತ್ತಿತ್ತು. ನಗುವೋ ಅಳುವೋ ಅಡುಗೆಯವನಿಗೆ ತಿಳಿಯಲಿಲ್ಲ.

"ಹೋಗು," ಎಂದ ಕೊನೆಗೆ. "ಆ ಹುಡುಗಿಗೆ ಇಳೀಬೇಡ ಅಂತ ಹೇಳು. ನೀನೇ ಹೇಳು. ನಾನು ಹೇಳೋಕೆ ಹೋದ್ರೆ ಅವಳ ಮುಂದೆ ಅತ್ತುಬಿಡ್ತೀನಿ."